ಕಡಲು ಬಿಟ್ಟು ಒಳನಾಡಿಗೆ ಬಂದ ಬೀಚ್ ಸಾಕರ್

ಬೆಳಗಾವಿಯ ಕ್ಯಾಂಪ್ ಮತ್ತು ಟಿಳಕವಾಡಿಯ ಮೈದಾನಗಳಲ್ಲಿ ಫುಟ್‌ಬಾಲ್ ಆಡಿ ಬೆಳೆದವರಿಗೆ ಬೀಚ್ ಸಾಕರ್ ಹೊಸ ಹೆಸರಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿನ ದಂಡೆಯಲ್ಲಿ ಸಂಜೆ ಹೊತ್ತು ಬರಿಗಾಲಲ್ಲಿ ಚೆಂಡು ಒದೆಯುವ ಹುಡುಗರನ್ನು ನೋಡದೆ ಮರಳಿದವರು ಕಡಿಮೆ. ಬಹುಶಃ ಇದೇ ಕಾರಣಕ್ಕೆ ಈ ಆಟ ಕಡಲಿರುವ ಊರಿನವರ ಪಾಲಿನದು, ಘಟ್ಟದ ಮೇಲಿನವರಿಗೆ ಅದು ರಜೆಯ ಮೋಜು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಪುರುಷರ ರಾಷ್ಟ್ರೀಯ ತಂಡಗಳ ಬೀಚ್ ಸಾಕರ್ ವಿಶ್ವಕಪ್ ನಡೆದುಬಂದ ದಾರಿಯನ್ನು ಗಮನಿಸಿದರೆ ಆ ಭಾವನೆಗೆ ಆಧಾರ ಸಿಗುವುದಿಲ್ಲ. 2025ರ ಮೇ ತಿಂಗಳಲ್ಲಿ ಸೆಶೆಲ್ಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಬ್ರೆಜಿಲ್ ಗೆದ್ದದ್ದು 4-3ರಿಂದ, ಅಂದರೆ ಒಂದೇ ಗೋಲಿನ ಅಂತರದಿಂದ. ಅದನ್ನು ಅಷ್ಟು ಕಾಡಿದ ತಂಡ ಬೆಲಾರಸ್. ಆ ದೇಶಕ್ಕೆ ಕಡಲ ತೀರವೇ ಇಲ್ಲ.

ಆಟದ ಮೂಲ ಕಡಲ ದಂಡೆಯೇ ಎಂಬುದರಲ್ಲಿ ಅನುಮಾನವಿಲ್ಲ. ರಿಯೊ ಡಿ ಜನೈರೊದ ದಂಡೆಗಳಲ್ಲಿ ತಲೆಮಾರುಗಳಿಂದ ಆಡುತ್ತಿದ್ದ ಈ ಆಟಕ್ಕೆ 1992ರಲ್ಲಿ ಲಿಖಿತ ನಿಯಮಗಳು ಬಂದವು, 1993ರಲ್ಲಿ ಅಮೆರಿಕದ ಮಯಾಮಿ ಬೀಚ್‌ನಲ್ಲಿ ಮೊದಲ ವೃತ್ತಿಪರ ಪಂದ್ಯಾವಳಿ ನಡೆಯಿತು, 1995ರಲ್ಲಿ ರಿಯೊದ ಕೋಪಕಬಾನಾ ದಂಡೆಯಲ್ಲಿ ಎಂಟು ತಂಡಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ಜರುಗಿತು. ಆ ಕೂಟದಲ್ಲಿ ಬ್ರೆಜಿಲ್ ಪರವಾಗಿ ಝಿಕೊ, ಜೂನಿಯರ್ ಅವರಂತಹ ನಿವೃತ್ತ ತಾರೆಯರು ಆಡಿದರು, ಫೈನಲ್‌ನಲ್ಲಿ ಅಮೆರಿಕ 8-1ರಿಂದ ಸೋತಿತು. ಸ್ಪರ್ಧೆ ಎನ್ನುವುದಕ್ಕಿಂತ ಟಿವಿಗೆ ಒಗ್ಗುವ ಪ್ರದರ್ಶನ ಎನ್ನಬಹುದಾದ ಕಾಲ ಅದು. 2004ರ ತನಕ ನಡೆದ ಹತ್ತು ಕೂಟಗಳಲ್ಲಿ ಒಂಬತ್ತನ್ನು ಬ್ರೆಜಿಲ್ ಗೆದ್ದಿತು. 2001ರಲ್ಲಿ ಮಾತ್ರ ಪ್ರಶಸ್ತಿ ಪೋರ್ಚುಗಲ್ ಪಾಲಾಯಿತು.

2005ರಲ್ಲಿ ಫಿಫಾ ಈ ಕೂಟವನ್ನು ತನ್ನ ಕೈಗೆ ತೆಗೆದುಕೊಂಡಿತು. ಮೊದಲ ಫಿಫಾ ವಿಶ್ವಕಪ್ ಕೂಡ ಕೋಪಕಬಾನಾದಲ್ಲೇ ನಡೆಯಿತಾದರೂ ಕಪ್ ಬ್ರೆಜಿಲ್‌ನಲ್ಲಿ ಉಳಿಯಲಿಲ್ಲ. ಎರಿಕ್ ಕ್ಯಾಂಟನಾ ತರಬೇತಿಯ ಫ್ರಾನ್ಸ್, 3-3ರಲ್ಲಿ ಸಮವಾದ ಫೈನಲ್‌ನಲ್ಲಿ ಪೋರ್ಚುಗಲ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿತು. ಮರುವರ್ಷ ತಂಡಗಳ ಸಂಖ್ಯೆ 12ರಿಂದ 16ಕ್ಕೆ ಏರಿತು. 2008ರಲ್ಲಿ ಕೂಟ ಮೊದಲ ಬಾರಿಗೆ ಬ್ರೆಜಿಲ್ ಬಿಟ್ಟು ಫ್ರಾನ್ಸ್‌ನ ಮಾರ್ಸೆಗೆ ಹೋಯಿತು, 2009ರಲ್ಲಿ ದುಬೈಗೆ ಬಂದಿತು, ಅಲ್ಲಿಂದ ಮುಂದೆ ಎರಡು ವರ್ಷಕ್ಕೊಮ್ಮೆ ನಡೆಯತೊಡಗಿತು. ಖಂಡವಾರು ಅರ್ಹತಾ ಪಂದ್ಯಗಳ ಮಹತ್ವವೂ ಹೆಚ್ಚಿದ್ದರಿಂದ ಹಳೆಯ ತಾರೆಯರ ಹೆಸರಿನ ಮೇಲೆ ತಂಡ ಕಟ್ಟುವ ಪದ್ಧತಿ ಹಿಂದೆ ಸರಿದು, ಮರಳಿನ ಮೇಲೆಯೇ ಪಳಗಿದ ಆಟಗಾರರ ಕಾಲ ಶುರುವಾಯಿತು.

ಮರಳಿನ ಮೇಲೆ ಪಳಗುವುದು ಎಂದರೇನು ಎಂಬುದು ಅಂಕಣವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. 35ರಿಂದ 37 ಮೀಟರ್ ಉದ್ದ, 26ರಿಂದ 28 ಮೀಟರ್ ಅಗಲದ ಅಂಕಣಕ್ಕೆ ಸುಣ್ಣದ ಗೆರೆಗಳಿರುವುದಿಲ್ಲ, ಸುತ್ತಲೂ ಪಟ್ಟಿ ಎಳೆದಿರುತ್ತಾರೆ. ಒಳಗಿನ ಗೆರೆಗಳೆಲ್ಲ ಕಲ್ಪಿತ. ಗೋಲಿನಿಂದ 9 ಮೀಟರ್ ದೂರದಲ್ಲಿ ಹೊರಗಡೆ ನೆಟ್ಟ ಎರಡು ಹಳದಿ ಬಾವುಟಗಳ ನಡುವೆ ಒಂದು ಗೆರೆ ಇದೆ ಎಂದು ಭಾವಿಸಿಕೊಂಡೇ ಗೋಲ್‌ಕೀಪರ್ ಮತ್ತು ರೆಫರಿ ಇಬ್ಬರೂ ಕೆಲಸ ಮಾಡಬೇಕು. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಐವರು. 12 ನಿಮಿಷದ ಮೂರು ಅವಧಿಗಳು. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಫ್ರೀ ಕಿಕ್‌ಗೆ ಎದುರಾಳಿಗಳು ಗೋಡೆ ಕಟ್ಟುವಂತಿಲ್ಲ, ಒದೆಯುವವನು ಮಾತ್ರ ಕಾಲಿನಿಂದ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಚೆಂಡನ್ನು ಏರಿಸಿ ಇಟ್ಟುಕೊಳ್ಳಬಹುದು. ಪಂದ್ಯ ಸಮಬಲದಲ್ಲಿ ಮುಗಿಯುವ ಮಾತೇ ಇಲ್ಲ. ನಿಗದಿತ ಅವಧಿಯಲ್ಲಿ ಗೆದ್ದರೆ ಮೂರು ಅಂಕ, ಹೆಚ್ಚುವರಿ ಸಮಯದಲ್ಲಿ ಗೆದ್ದರೆ ಎರಡು, ಪೆನಾಲ್ಟಿಯಲ್ಲಾದರೆ ಒಂದು. ಎಲ್ಲಕ್ಕಿಂತ ಮುಖ್ಯವಾಗಿ, ಉಬ್ಬುತಗ್ಗಿನ ಮರಳಿನಲ್ಲಿ ಚೆಂಡು ನೆಚ್ಚಿಕೊಳ್ಳುವಂತೆ ಉರುಳುವುದಿಲ್ಲ. ಪಾಸ್ ಗಾಳಿಯಲ್ಲೇ ಸಾಗಬೇಕು, ಬಂದ ಚೆಂಡನ್ನು ಎದೆಯಲ್ಲೋ ತೊಡೆಯಲ್ಲೋ ಹಿಡಿದು ನೆಲ ಮುಟ್ಟುವ ಮೊದಲೇ ಒದೆಯಬೇಕು. ಬೆನ್ನ ಮೇಲೆ ಬೀಳುತ್ತಾ ತಲೆಯ ಮೇಲಿಂದ ಒದೆಯುವ ಬೈಸಿಕಲ್ ಕಿಕ್ ಇಲ್ಲಿ ಪ್ರತಿ ಪಂದ್ಯದಲ್ಲೂ ಸಾಮಾನ್ಯ.

ಈ ಕೌಶಲಕ್ಕೆ ಬೇಕಾದದ್ದು ಮರಳು, ಕಡಲಲ್ಲ ಎಂಬುದನ್ನು ಮೊದಲು ತೋರಿಸಿಕೊಟ್ಟವರಲ್ಲಿ ಸ್ವಿಟ್ಜರ್ಲೆಂಡಿನವರು ಮುಖ್ಯರು. 2009ರಲ್ಲಿ ಅವರು ಫೈನಲ್ ತಲುಪಿದರು. ಬ್ರೆಜಿಲ್‌ಗೆ 10-5ರಿಂದ ಸೋತರೂ ಅವರ ದೆಯಾನ್ ಸ್ಟಾಂಕೊವಿಚ್ 16 ಗೋಲುಗಳೊಂದಿಗೆ ಕೂಟದಲ್ಲಿ ಅತಿ ಹೆಚ್ಚು ಗೋಲು ಹೊಡೆದ ಆಟಗಾರನಾದರು. ಆಮೇಲೆ ಬಂದದ್ದು ರಷ್ಯಾ. ವರ್ಷದ ಬಹುಭಾಗ ಚಳಿಯಲ್ಲಿರುವ ಆ ದೇಶ ಕ್ಲಬ್ಬುಗಳಲ್ಲಿ ಆಟಗಾರರನ್ನು ಬೆಳೆಸಿ, ಚಾವಣಿಯ ಕೆಳಗೆ ಮರಳು ಹಾಸಿ ಅಭ್ಯಾಸ ಮಾಡಿಸಿತು. 2011ರಲ್ಲಿ ಇಟಲಿಯ ರವೆನ್ನಾದಲ್ಲಿ ಬ್ರೆಜಿಲ್ ವಿರುದ್ಧ 12-8ರಿಂದ, 2013ರಲ್ಲಿ ತಾಹಿತಿಯಲ್ಲಿ ಸ್ಪೇನ್ ವಿರುದ್ಧ 5-1ರಿಂದ ಗೆದ್ದಿತು. 2019ರ ಕೂಟವನ್ನು ನಡೆಸಿದ ಪರಾಗ್ವೆ ಸುತ್ತ ನೆಲವೇ ಇರುವ ದೇಶ. 2021ರಲ್ಲಿ ಮಾಸ್ಕೋ ನಗರದ ಲುಜ್ನಿಕಿ ಕ್ರೀಡಾ ಸಂಕೀರ್ಣದಲ್ಲಿ ಕ್ರೀಡಾಂಗಣ ನಿರ್ಮಿಸಿ ವಿಶ್ವಕಪ್ ಆಡಿಸಿದರು, ಫೈನಲ್‌ನಲ್ಲಿ ಆತಿಥೇಯರು ಜಪಾನ್ ತಂಡವನ್ನು 5-2ರಿಂದ ಸೋಲಿಸಿದರು. ಉಕ್ರೇನ್ ಯುದ್ಧದ ಬಳಿಕ ರಷ್ಯಾ ಅಮಾನತಾದ್ದರಿಂದ, 2023ರ ಬದಲು 2024ರ ಫೆಬ್ರುವರಿಯಲ್ಲಿ ದುಬೈನಲ್ಲಿ ನಡೆದ ಕೂಟಕ್ಕೆ ಹಾಲಿ ಚಾಂಪಿಯನ್ನರೇ ಬರಲಿಲ್ಲ. ಅಲ್ಲಿಯೂ ಸೆಶೆಲ್ಸ್‌ನಲ್ಲಿಯೂ ಕಪ್ ಬ್ರೆಜಿಲ್‌ಗೆ ಮರಳಿತು.

ಕಡಲ ಕಡೆಯವರ ಸಾಧನೆಯನ್ನೂ ಕಡೆಗಣಿಸಬೇಕಿಲ್ಲ. ತಾಹಿತಿ ತಂಡ ಪ್ರತಿನಿಧಿಸುವ ಫ್ರೆಂಚ್ ಪಾಲಿನೇಷ್ಯಾದ ಒಟ್ಟು ಜನಸಂಖ್ಯೆ 3 ಲಕ್ಷ ದಾಟುವುದಿಲ್ಲ, ಅಂದರೆ ಬೆಳಗಾವಿ ನಗರವೊಂದಕ್ಕಿಂತ ಕಡಿಮೆ; ಆದರೂ ಅವರು 2015 ಮತ್ತು 2017ರಲ್ಲಿ ಸತತ ಎರಡು ಫೈನಲ್ ಆಡಿದರು. ಹನ್ನೊಂದು ಜನರ ಫುಟ್‌ಬಾಲ್‌ನಲ್ಲಿ ಅಂಥದ್ದು ಊಹೆಗೂ ನಿಲುಕದ ಮಾತು.

ನಮ್ಮ ದೇಶ ಈ ಹಾದಿಯಲ್ಲಿ ಬಹಳ ತಡವಾಗಿ ಹೆಜ್ಜೆ ಇಟ್ಟಿದೆ. ಏಷ್ಯಾ ಮಟ್ಟದ ಕೂಟದಲ್ಲಿ ಭಾರತ 2007ರಲ್ಲಿ ಆಡಿತ್ತು. ಮತ್ತೆ ಆಡಿದ್ದು 2025ರ ಮಾರ್ಚ್‌ನಲ್ಲಿ, ಥಾಯ್ಲೆಂಡಿನ ಪಟ್ಟಾಯದಲ್ಲಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮೊದಲ ರಾಷ್ಟ್ರೀಯ ಬೀಚ್ ಸಾಕರ್ ಚಾಂಪಿಯನ್‌ಷಿಪ್ ನಡೆಸಿದ್ದೇ 2023ರಲ್ಲಿ, ಸೂರತ್‌ನಲ್ಲಿ. ಅಲ್ಲಿ ಕೇರಳ ಗೆದ್ದದ್ದು ಯಾರಿಗೂ ಅಚ್ಚರಿ ತರಲಿಲ್ಲ. ನನ್ನ ಗಮನ ಸೆಳೆದದ್ದು ಫೈನಲ್‌ನಲ್ಲಿ 13-4ರಿಂದ ಸೋತ ತಂಡ: ಅದು ಪಂಜಾಬ್. ಸೋಲಿನ ಅಂತರ ದೊಡ್ಡದೇ, ಆದರೆ ಕಡಲಿನ ಗಾಳಿಯೂ ಸೋಕದ ರಾಜ್ಯವೊಂದು ಕರಾವಳಿಯ ಹಲವು ರಾಜ್ಯಗಳನ್ನು ಹಿಂದಿಕ್ಕಿ ಅಲ್ಲಿಗೆ ತಲುಪಿತ್ತು. ಅದೇ ವರ್ಷ ಗೋವಾದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ, 2025ರಲ್ಲಿ ದಿಯುವಿನ ಖೇಲೋ ಇಂಡಿಯಾ ಬೀಚ್ ಗೇಮ್ಸ್‌ನಲ್ಲಿ ಈ ಆಟಕ್ಕೆ ಜಾಗ ಸಿಕ್ಕಿತು.

ಹಾಗಾದರೆ ಬೆಳಗಾವಿ ಸೀಮೆಯಲ್ಲಿ ಇದಕ್ಕೆ ಅಡ್ಡಿಯಾಗಿರುವುದು ಏನು? ಲೆಕ್ಕ ಹಾಕಿದರೆ ಉತ್ತರ ಮರಳಿನಲ್ಲಿಯೇ ಇದೆ. ಅಂತರರಾಷ್ಟ್ರೀಯ ಪಂದ್ಯಕ್ಕೆ ಕನಿಷ್ಠ 40 ಸೆಂಟಿಮೀಟರ್ ಆಳದ ಮರಳು ಬೇಕು. 37 ಮೀಟರ್ ಉದ್ದ, 28 ಮೀಟರ್ ಅಗಲದ ಅಂಕಣಕ್ಕೆ ಅದು ಸುಮಾರು 414 ಘನ ಮೀಟರ್, ನಮ್ಮ ಕಡೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ 146 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಸುತ್ತಲಿನ ಅಂಚು ಸೇರಿಸಿದರೆ ಇನ್ನೂ ಹೆಚ್ಚು. ಮನೆ ಕಟ್ಟಲು ಬಳಸುವ ಎಂ-ಸ್ಯಾಂಡ್ ಇದಕ್ಕೆ ನಡೆಯುವುದಿಲ್ಲ, ಏಕೆಂದರೆ ಕಲ್ಲು ಪುಡಿ ಮಾಡಿದ ಆ ಹರಳುಗಳ ಚೂಪು ಅಂಚು ಬರಿಗಾಲನ್ನು ಗೀರುತ್ತದೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ಹೊಳೆ ಮರಳು ಗುಂಡಗಿದ್ದು ಕಾಲಿಗೆ ಹಿತವೇ. ಆದರೆ ಅದರಲ್ಲಿ ಹರಳುಕಲ್ಲು, ಚಿಪ್ಪು ಉಳಿಯದಂತೆ ಜರಡಿ ಹಿಡಿಯಬೇಕು, ಮೈಗೆ ಮೆತ್ತುವ ದೂಳನ್ನೂ ತೆಗೆಯಬೇಕು. ಅದರ ಬೆಲೆ ಮತ್ತು ಪರವಾನಗಿಯ ತೊಡಕು ಈ ಭಾಗದಲ್ಲಿ ಮನೆ ಕಟ್ಟಿಸಿದವರಿಗೆ ಚೆನ್ನಾಗಿ ಗೊತ್ತು. ಬೆಳಗಾವಿಯ ಮಳೆಗಾಲಕ್ಕೆ ನೀರು ಬಸಿದುಹೋಗುವ ತಳಪಾಯವೂ ಬೇಕಾಗುತ್ತದೆ. ಆ ದೃಷ್ಟಿಯಿಂದ ಮಳೆ ಕಡಿಮೆ ಬೀಳುವ ಬಾಗಲಕೋಟೆ, ವಿಜಯಪುರಗಳೇ ಹೆಚ್ಚು ಅನುಕೂಲ. ಗರಡಿಯ ಕೆಂಪು ಮಣ್ಣನ್ನು ತಂದು, ಸೋಸಿ, ಹದ ಮಾಡಿ ವರ್ಷಗಟ್ಟಲೆ ಕಾಪಾಡುವ ಪೈಲ್ವಾನರ ಸೀಮೆಗೆ ಈ ಆರೈಕೆ ಹೊಸದೆನಿಸಲಾರದು.

ಖರ್ಚನ್ನು ಫುಟ್‌ಬಾಲ್ ಒಂದೇ ಹೊರಬೇಕೆಂದೂ ಇಲ್ಲ. ಬೀಚ್ ವಾಲಿಬಾಲ್ ಅಂಕಣದ ಅಳತೆ 16 ಮೀಟರ್ ಉದ್ದ, 8 ಮೀಟರ್ ಅಗಲ. ಸುತ್ತ ಮೂರು ಮೀಟರ್ ಜಾಗ ಬಿಟ್ಟರೂ ಅಂಥ ಎರಡು ಅಂಕಣಗಳು ಒಂದು ಬೀಚ್ ಸಾಕರ್ ಅಂಕಣದ ಮರಳಿನಲ್ಲಿ ಅಕ್ಕಪಕ್ಕ ಹಿಡಿಯುತ್ತವೆ. ಗಂಟೆ ಲೆಕ್ಕದ ಬಾಡಿಗೆಯ ಟರ್ಫ್‌ಗಳಿಗೆ ಹಣ ಹೂಡಿದವರು, ಜಿಲ್ಲಾ ಕ್ರೀಡಾಂಗಣಗಳ ಉಸ್ತುವಾರಿ ಹೊತ್ತವರು ಈ ಅಳತೆಯನ್ನು ಒಮ್ಮೆ ಗಮನಿಸಬಹುದು.