28 ಸೆಕೆಂಡಿನ ಉತ್ತರ, 26 ಅಂಕಿ: ತಾಳೆ ನೋಡುವ ಬಗೆ

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೆಂಗಳೂರಿನ ಶಕುಂತಲಾ ದೇವಿಯವರ ಮುಂದೆ ಎರಡು ಸಂಖ್ಯೆ ಇಟ್ಟರು: 7,686,369,774,870 ಮತ್ತು 2,465,099,745,779. ಅವನ್ನು ಗುಣಿಸಿ 28 ಸೆಕೆಂಡಿನಲ್ಲಿ ಅವರು ಹೇಳಿದ ಉತ್ತರ 18,947,668,177,995,426,462,773,730. ಗಿನ್ನೆಸ್ ಪುಸ್ತಕದಲ್ಲಿ ಇದು 1982ರಲ್ಲಿ ಅಚ್ಚಾಯಿತು. 2013ರ ಏಪ್ರಿಲ್ 21ರಂದು ಅವರು ಬೆಂಗಳೂರಿನಲ್ಲೇ ತೀರಿಕೊಂಡರು. ಗಿನ್ನೆಸ್ ಪ್ರಮಾಣಪತ್ರ ಬಂದದ್ದು 2020ರಲ್ಲಿ. ಅವರ ಮಾತು ಬಂದಾಗಲೆಲ್ಲ ಎಲ್ಲರೂ 28 ಸೆಕೆಂಡನ್ನೇ ನೆನೆಯುತ್ತಾರೆ. ಆ ಸಂಖ್ಯೆಯನ್ನು ಕೂತು ಓದುವವರು ಕಡಿಮೆ. ಪೆನ್ನು, ಕಾಗದ ಇದ್ದರೆ ಹೈಸ್ಕೂಲು ಮಕ್ಕಳೂ ಅದನ್ನು ಒರೆಗೆ ಹಚ್ಚಬಹುದು.

9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಈ ಸಂಖ್ಯೆಗೆ ಅದೂ ಸಾಲದು, ಇನ್ನೆರಡು ಸ್ಥಾನ ಬೇಕು.

ಮೊದಲು ಒಂಬತ್ತರ ತಾಳೆ. 10ನ್ನು 9ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಯಾವ ಸಂಖ್ಯೆಯನ್ನಾದರೂ 9ರಿಂದ ಭಾಗಿಸಿದಾಗ ಉಳಿಯುವ ಶೇಷ ತಿಳಿಯಲು ಅದರ ಅಂಕಿಗಳನ್ನು ಕೂಡಿದರೆ ಸಾಕು. ಎರಡು ಸಂಖ್ಯೆಗಳ ಶೇಷಗಳನ್ನು ಗುಣಿಸಿದರೆ ಬರುವ ಶೇಷವೇ ಉತ್ತರಕ್ಕೂ ಬರಬೇಕು. ಮೊದಲ ಸಂಖ್ಯೆಯ ಮೊತ್ತ 78, ಶೇಷ 6. ಎರಡನೆಯದು 74, ಶೇಷ 2. ಗುಣಿಸಿದರೆ 12, ಅಂದರೆ ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಶೇಷ 3. ಸರಿಹೋಯಿತು. ಆದರೆ ಬರೆದುಕೊಳ್ಳುವಾಗ ಕೊನೆಯ 730 ಕೈತಪ್ಪಿ 703 ಆದರೂ ಮೊತ್ತ ಅಷ್ಟೇ ಇರುತ್ತದೆ, ತಪ್ಪು ದಾಟಿಹೋಗುತ್ತದೆ. 1356ರ ‘ಗಣಿತಕೌಮುದಿ’ಯಲ್ಲಿ ನಾರಾಯಣ ಪಂಡಿತರು ಯಾವ ಸಂಖ್ಯೆಯಿಂದ ಬೇಕಾದರೂ ಹೀಗೆ ತಾಳೆ ನೋಡಬಹುದೆಂದು ತೋರಿಸಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

11ನ್ನು ತೆಗೆದುಕೊಳ್ಳಿ. ಬಲಗಡೆಯಿಂದ ಒಂದು ಬಿಟ್ಟು ಒಂದರಂತೆ ಅಂಕಿಗಳನ್ನು ಕೂಡಿ, ಉಳಿದವನ್ನು ಬೇರೆ ಕೂಡಿ, ಕಳೆಯಿರಿ. 2,465,099,745,779ರಲ್ಲಿ:

9+7+4+9+0+6+2 = 37
7+5+7+9+5+4 = 37

ವ್ಯತ್ಯಾಸ ಸೊನ್ನೆ! ಅಂದರೆ ಈ ಸಂಖ್ಯೆ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ; ಉತ್ತರವೂ ಆಗಲೇಬೇಕು. ಅದರ ಎರಡು ಮೊತ್ತಗಳೂ 69. ಇಷ್ಟು ಚೆಂದವಾಗಿ ಕೂಡಿಬಂದದ್ದು ನೋಡಿದರೆ ಖುಷಿಯಾಗುತ್ತದೆ. 703 ಎಂದು ಬರೆದಿದ್ದರೆ 72, 66 ಬಂದು ತಪ್ಪು ಸಿಕ್ಕಿಬೀಳುತ್ತಿತ್ತು. ಕೊನೆಯಲ್ಲಿ ಸೊನ್ನೆ, ಮೊತ್ತ 3ರ ಮಗ್ಗಿಯಲ್ಲಿದೆ, 11ರಿಂದಲೂ ಭಾಗ ಹೋಗುತ್ತದೆ. ಹಾಗಾಗಿ ಉತ್ತರ 330ರಿಂದ ಪೂರ್ತಿ ಭಾಗವಾಗುತ್ತದೆ.

ಆದರೆ ಒಂದು ಅಂಕಿ, ನಡುವೆ ಒಂದನ್ನು ಬಿಟ್ಟು ಮುಂದಿನದರ ಜೊತೆ ಅದಲುಬದಲಾದರೆ 9, 11 ಎರಡೂ ಸೋಲುತ್ತವೆ. ಆಗ 1001ರ ತಾಳೆ: ಮೂರು ಮೂರು ಅಂಕಿಯ ಗುಂಪುಗಳನ್ನು ಬಲದಿಂದ ಕೂಡಿ, ಕಳೆದು, ಕೂಡಿ ಹೋಗಬೇಕು. ಎರಡು ಸಂಖ್ಯೆಗಳಿಗೆ −214, −330 ಬರುತ್ತದೆ. ಗುಣಲಬ್ಧ 70,620; 1001ರಿಂದ ಭಾಗಿಸಿದರೆ ಶೇಷ 550. ಉತ್ತರದ ಗುಂಪುಗಳಿಂದಲೂ ಅದೇ 550 ಬರುತ್ತದೆ.

ಎಕ್ಸೆಲ್‌ನಲ್ಲಿ ಗುಣಿಸಿ ನೋಡಲು ಹೋಗಬೇಡಿ. ಅದು 15 ಅಂಕಿ ಮಾತ್ರ ಉಳಿಸಿಕೊಂಡು 18947668177995400000000000 ಎನ್ನುತ್ತದೆ. ಅಂಕಿಗಳನ್ನು ಕೂಡಿ ನೋಡಿ: ಮೊತ್ತ 91, 9ರಿಂದ ಭಾಗಿಸಿದರೆ ಶೇಷ 1. ಬರಬೇಕಿದ್ದದ್ದು 3.