ಘಾತೀಯ ಸಮೀಕರಣದಲ್ಲಿ ಮುಂದಿರುವ 5 ಏನು ಮಾಡುತ್ತದೆ, ಆಧಾರ ಏನು ಮಾಡುತ್ತದೆ?

ಈ ಎರಡು ಸಮೀಕರಣಗಳನ್ನು ನೋಡಿ. ^ ಗುರುತಿನ ಬಲಕ್ಕೆ ಇರುವುದು ಘಾತಾಂಕ.

ವೈ = 5 × 2^ಎಕ್ಸ್
ವೈ = 5 × (1/2)^ಎಕ್ಸ್

ಎರಡರಲ್ಲೂ ಮುಂದೆ 5 ಇದೆ. ಅದನ್ನು ಕಂಡ ಕೂಡಲೇ ‘ಒಂದಕ್ಕಿಂತ ದೊಡ್ಡದು, ಹಾಗಾಗಿ ಬೆಳವಣಿಗೆ’ ಎಂದು ಬರೆದುಬಿಡುವ ತಪ್ಪನ್ನು ನಾನೂ ಮಾಡಿದ್ದೇನೆ. ಬೆಳವಣಿಗೆಯನ್ನು ತೀರ್ಮಾನಿಸುವುದು 5 ಅಲ್ಲ, ತಲೆಯ ಮೇಲೆ ಎಕ್ಸ್ ಹೊತ್ತಿರುವ ಆಧಾರ ಸಂಖ್ಯೆ. ಅದು 1ಕ್ಕಿಂತ ಹೆಚ್ಚಿದ್ದರೆ ಘಾತೀಯ ಬೆಳವಣಿಗೆ, ಎಂದರೆ ಪ್ರತಿ ಹೆಜ್ಜೆಗೂ ಅಷ್ಟೇ ಪಟ್ಟು ಹೆಚ್ಚುವುದು. 0 ಮತ್ತು 1ರ ನಡುವೆ ಇದ್ದರೆ ಇಳಿಕೆ. ಎಕ್ಸ್‌ಗೆ 0, 1, 2 ಎಂದು ಬೆಲೆ ಕೊಡುತ್ತ ಹೋದರೆ ಮೊದಲನೆಯದು 5, 10, 20. ಎರಡನೆಯದು 5, 2.5, 1.25.

ಹಾಗಾದರೆ 5ರ ಕೆಲಸವೇನು? ನಕ್ಷೆಯ ಪ್ರತಿ ಬಿಂದುವಿನ ಎತ್ತರವನ್ನು ಐದು ಪಟ್ಟು ಮಾಡುವುದು. 5 ಇಲ್ಲದಾಗ (0, 1)ರಲ್ಲಿ ವೈ-ಅಕ್ಷವನ್ನು ದಾಟುತ್ತಿದ್ದ ರೇಖೆ ಈಗ (0, 5)ರಲ್ಲಿ ದಾಟುತ್ತದೆ. ಇದೇ ಲಂಬ ಹಿಗ್ಗುವಿಕೆ. ಹೀಗೆ ಮುಂದೆ ನಿಂತು ಗುಣಿಸುವ ಸಂಖ್ಯೆ, ಎಂದರೆ ಸಹಗುಣಕ, 1/4 ಆಗಿದ್ದರೆ ನಕ್ಷೆ ಲಂಬವಾಗಿ ಕುಗ್ಗುತ್ತದೆ, ಆದರೂ (1/4) × 2^ಎಕ್ಸ್ ಬೆಳೆಯುತ್ತಲೇ ಇರುತ್ತದೆ. (ಋಣ ಸಹಗುಣಕ ಬಂದರೆ ನಕ್ಷೆ ಎಕ್ಸ್-ಅಕ್ಷದ ಕೆಳಕ್ಕೆ ಮಗುಚುತ್ತದೆ, ಇಲ್ಲಿ ಧನ ಸಂಖ್ಯೆಗಳನ್ನಷ್ಟೇ ತೆಗೆದುಕೊಂಡಿದ್ದೇನೆ.)

ಬ್ಯಾಂಕಿನ ಠೇವಣಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ವರ್ಷಕ್ಕೆ ಶೇ. 7ರ ಚಕ್ರಬಡ್ಡಿ ಎಂದುಕೊಳ್ಳಿ. ಅಣ್ಣ 10,000 ರೂಪಾಯಿ ಇಟ್ಟರೆ ಎಕ್ಸ್ ವರ್ಷಗಳ ಬಳಿಕ 10,000 × 1.07^ಎಕ್ಸ್, ತಂಗಿ 20,000 ಇಟ್ಟರೆ 20,000 × 1.07^ಎಕ್ಸ್. ತಂಗಿಯ ನಕ್ಷೆ ಅಣ್ಣನದರ ಎರಡು ಪಟ್ಟು ಹಿಗ್ಗಿದ ರೂಪ. ದರ ಇಬ್ಬರಿಗೂ ಒಂದೇ. ಹತ್ತು ವರ್ಷಗಳ ಬಳಿಕ ಅಣ್ಣನ ಬಳಿ ಸುಮಾರು 19,672 ರೂಪಾಯಿ ಇರುತ್ತದೆ, ಎಂದರೆ ತಂಗಿ ಹೊರಟ ಜಾಗದ ಹತ್ತಿರಕ್ಕೆ ಅವನು ಆಗಷ್ಟೇ ಬಂದಿರುತ್ತಾನೆ. ಎರಡು ಪಟ್ಟು ಹಣ ಇಡುವುದೂ ಹತ್ತು ವರ್ಷ ಮೊದಲೇ ಆರಂಭಿಸುವುದೂ ಹೆಚ್ಚುಕಡಿಮೆ ಒಂದೇ!

ಇದು ಕಾಕತಾಳೀಯವಲ್ಲ.

8 × 2^ಎಕ್ಸ್ = 2^3 × 2^ಎಕ್ಸ್ = 2^(ಎಕ್ಸ್ + 3)

ಎಡಗಡೆ ಎಂಟು ಪಟ್ಟು ಲಂಬ ಹಿಗ್ಗುವಿಕೆ. ಬಲಗಡೆ ಮೂರು ಮಾನ ಎಡಕ್ಕೆ ಸರಿದ ನಕ್ಷೆ. ರೇಖೆ ಮಾತ್ರ ಒಂದೇ. ಘಾತೀಯ ಸಮೀಕರಣಗಳ ಅಧ್ಯಾಯದಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲು ಇದು. ಪರೀಕ್ಷೆಯಲ್ಲಿ ಸಮೀಕರಣವನ್ನು ಯಾವ ರೂಪದಲ್ಲಿ ಕೊಟ್ಟಿದ್ದಾರೋ ಅದಕ್ಕೆ ತಕ್ಕ ಹೆಸರು (ಲಂಬ ಹಿಗ್ಗುವಿಕೆ ಅಥವಾ ಎಡಕ್ಕೆ ಸರಿಯುವಿಕೆ) ಬರೆಯಿರಿ.

ಎಡವುವ ಜಾಗಗಳು ಇನ್ನೂ ಇವೆ. 3 × 2^ಎಕ್ಸ್ ಎಂಬುದನ್ನು 6^ಎಕ್ಸ್ ಎಂದು ಗುಣಿಸಬೇಡಿ; ಎಕ್ಸ್ = 2 ಆದಾಗ ಒಂದು 12, ಇನ್ನೊಂದು 36. 3 × ಎಕ್ಸ್^2ರಲ್ಲಿ ಹಿಗ್ಗುವಿಕೆ ಇದೆ, ಘಾತೀಯ ಬೆಳವಣಿಗೆ ಇಲ್ಲ, ಏಕೆಂದರೆ ಎಕ್ಸ್ ಅಲ್ಲಿ ಕೆಳಗೆ ಕುಳಿತಿದೆ. ಘಾತಾಂಕದಲ್ಲಿ ಋಣ ಚಿಹ್ನೆ ಕಂಡರೆ ಮೊದಲು ಆಧಾರವನ್ನು ತಿರುವಿ ಹಾಕಿ: (1/3) × (1/4)^(−ಎಕ್ಸ್) ಎಂದರೆ (1/3) × 4^ಎಕ್ಸ್. ಎರಡೂ ಭಿನ್ನರಾಶಿಗಳಂತೆ ಕಂಡರೂ ಇಲ್ಲಿರುವುದು ಲಂಬ ಕುಗ್ಗುವಿಕೆ, ಜೊತೆಗೆ ಘಾತೀಯ ಬೆಳವಣಿಗೆ.