ಎಸ್‌ಟಿ ವೇತನದ ಗಂಟು: ನಾಲ್ಕು ವರ್ಷದ ಕರಾರಿನಿಂದ ವಿಲೀನದ ಬೇಡಿಕೆಯವರೆಗೆ

ಹಬ್ಬಕ್ಕೆ ಊರಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಎಸ್‌ಟಿ, ಅಂದರೆ ಮಹಾರಾಷ್ಟ್ರ ರಾಜ್ಯ ಸಾರಿಗೆಯ ಬಸ್ಸುಗಳು ನಿಂತುಬಿಡುವುದು ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಹೊಸದೇನಲ್ಲ. 2017 ಮತ್ತು 2021ರಲ್ಲಿ ದೀಪಾವಳಿಯ ಮುನ್ನ, 2024ರಲ್ಲಿ ಗಣೇಶ ಚತುರ್ಥಿಗೆ ನಾಲ್ಕು ದಿನ ಇರುವಾಗ ಮುಷ್ಕರ ಆರಂಭವಾಯಿತು. ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದ ಹಳ್ಳಿಗಳಿಗೆ ಹೋಗಬೇಕಾದವರು ಪ್ರತಿ ಸಲವೂ ಖಾಸಗಿ ಗಾಡಿಗಳ ದರ ಕೇಳಿ ಕಂಗಾಲಾದರು. ಒಮ್ಮೆ ವೇತನ ಆಯೋಗ, ಒಮ್ಮೆ ಸರ್ಕಾರದಲ್ಲಿ ವಿಲೀನ, ಮತ್ತೊಮ್ಮೆ ಬಾಕಿ ಎಂದು ಬೇಡಿಕೆಯ ಹೆಸರು ಬದಲಾಗುತ್ತಲೇ ಬಂದದ್ದರಿಂದ ಈ ಜಗಳದ ಮೂಲ ಯಾವುದೆಂಬುದೇ ಅನೇಕರಿಗೆ ಮರೆತುಹೋಗಿದೆ.

ಮೊದಲ ಎಸ್‌ಟಿ ಬಸ್ಸು 1948ರ ಜೂನ್ 1ರಂದು ಪುಣೆ ಮತ್ತು ಅಹ್ಮದ್‌ನಗರದ ನಡುವೆ ಓಡಿತು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಬಂದ ಮೇಲೆ ಆ ಸಾರಿಗೆ ಸಂಸ್ಥೆ ನಿಗಮವಾಯಿತು, 1960ರಲ್ಲಿ ರಾಜ್ಯ ರಚನೆಯಾದ ನಂತರ ಮಹಾರಾಷ್ಟ್ರದ ನಿಗಮವೆನಿಸಿತು. ಸರ್ಕಾರದ ಸಂಸ್ಥೆ, ಆದರೆ ಸರ್ಕಾರದ ಇಲಾಖೆಯಲ್ಲ. ಮುಂದಿನ ಎಲ್ಲ ತೊಡಕೂ ಹುಟ್ಟಿದ್ದು ಇಲ್ಲಿಂದಲೇ. ಸರ್ಕಾರಿ ನೌಕರರ ಸಂಬಳವನ್ನು ವೇತನ ಆಯೋಗ ನಿರ್ಧರಿಸಿದರೆ, ಎಸ್‌ಟಿ ನೌಕರರ ಸಂಬಳ ನಿಗಮ ಮತ್ತು ಕಾರ್ಮಿಕ ಸಂಘಟನೆಯ ನಡುವೆ ನಾಲ್ಕು ವರ್ಷಕ್ಕೊಮ್ಮೆ ಆಗುವ ಕರಾರಿನಿಂದ ನಿರ್ಧಾರವಾಗುತ್ತಿತ್ತು. ಚೌಕಾಸಿ ನಡೆಸುವ ಅಧಿಕಾರವನ್ನು ಮಹಾರಾಷ್ಟ್ರದ 1971ರ ಕಾಯ್ದೆ ಮಾನ್ಯತೆ ಪಡೆದ ಸಂಘಟನೆಗೆ ನೀಡಿತ್ತು. ಕರ್ನಾಟಕದ ಸಾರಿಗೆ ನಿಗಮಗಳಲ್ಲೂ ನಾಲ್ಕು ವರ್ಷದ ಪರಿಷ್ಕರಣೆ ರೂಢಿಯಲ್ಲಿರುವುದರಿಂದ ಈ ಪದ್ಧತಿ ನಮಗೆ ಪರಿಚಿತವೇ.

ಕರಾರಿನ ಪದ್ಧತಿ ಚೆನ್ನಾಗಿ ನಡೆಯಬೇಕಾದರೆ ಮೇಜಿನ ಆಚೆ ಕುಳಿತವರ ಕೈಯಲ್ಲಿ ಹಣವಿರಬೇಕು. ನಿಗಮದ ಸ್ಥಿತಿ ಹಾಗಿರಲಿಲ್ಲ. ಪ್ರಯಾಣದರ ಏರಿಸಲು ಅದಕ್ಕೆ ಅನುಮತಿ ಬೇಕು. ಹಿರಿಯ ನಾಗರಿಕರಿಗೆ, ವಿದ್ಯಾರ್ಥಿಗಳಿಗೆ ರಿಯಾಯಿತಿ ಘೋಷಿಸುವುದು ಸರ್ಕಾರ, ಆ ಹಣ ಮರಳಿ ಬರುವ ತನಕ ಕಾಯುವುದು ನಿಗಮ. ಟಿಕೆಟ್ ಹಣದ ಮೇಲೆ ಶೇ. 17.5ರ ಪ್ರಯಾಣಿಕ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವುದೂ ನಿಗಮವೇ. ಹೀಗಿರುವಾಗ ಸಂಘಟನೆಯ ಮುಖಂಡರು ನಿಗಮದ ಅಧಿಕಾರಿಗಳೊಡನೆ ಎಷ್ಟು ದಿನ ಮಾತಾಡಿದರೂ ಕೊನೆಯ ಮಾತು ಮುಂಬೈಯ ಮಂತ್ರಾಲಯದಿಂದ, ಅಂದರೆ ರಾಜ್ಯದ ಸಚಿವಾಲಯದಿಂದಲೇ ಬರಬೇಕಾಗಿತ್ತು.

ಸರ್ಕಾರಿ ನೌಕರರಿಗೂ ಎಸ್‌ಟಿ ನೌಕರರಿಗೂ ನಡುವಿನ ಈ ಅಂತರವನ್ನು ಏಳನೇ ವೇತನ ಆಯೋಗ ಎಲ್ಲರ ಕಣ್ಣಿಗೂ ಕಾಣಿಸಿತು. ಅದೇ ಶ್ರೇಣಿ ಬೇಕೆಂದು 2017ರ ಅಕ್ಟೋಬರ್‌ನಲ್ಲಿ ನಡೆದ ನಾಲ್ಕು ದಿನಗಳ ಮುಷ್ಕರವನ್ನು ಹೈಕೋರ್ಟ್ ಅಕ್ರಮವೆಂದಿತು. 2018ರ ಜೂನ್‌ನಲ್ಲಿ 4,849 ಕೋಟಿ ರೂಪಾಯಿಯ ವೇತನ ಹೆಚ್ಚಳ ಘೋಷಣೆಯಾಯಿತು. ಮೊತ್ತ ದೊಡ್ಡದೇ, ಆದರೆ ಅದು ಒಪ್ಪಂದದಿಂದ ಬಂದದ್ದಲ್ಲ, ಘೋಷಣೆಯಿಂದ ಬಂದದ್ದು. ತಮ್ಮ ಕೈಗೆ ಎಷ್ಟು ಬರುತ್ತದೆಂದು ಲೆಕ್ಕ ಹಾಕಿ ನಿರಾಶರಾದ ನೌಕರರು ಒಂದೇ ವಾರದಲ್ಲಿ ದಿಢೀರ್ ಮುಷ್ಕರ ಹೂಡಿದರು. ಚರ್ಚೆಯ ಜಾಗಕ್ಕೆ ಘೋಷಣೆ ಬಂದು ಕೂತ ಆ ಗಳಿಗೆಯಲ್ಲೇ ಕರಾರಿನ ಮೇಲಿನ ನಂಬಿಕೆ ಬಹುಮಟ್ಟಿಗೆ ಮುರಿಯಿತೆಂದು ನನಗನ್ನಿಸುತ್ತದೆ.

2020ರ ಜನವರಿ 1ರಿಂದ ಆಂಧ್ರಪ್ರದೇಶ ತನ್ನ ಸಾರಿಗೆ ನೌಕರರನ್ನು ಸರ್ಕಾರಿ ಸೇವೆಗೆ ಸೇರಿಸಿಕೊಂಡಿತು. ಅದಾದ ಕೆಲವೇ ತಿಂಗಳಲ್ಲಿ ಕೊರೊನಾ ಬಂದು ಬಸ್ಸುಗಳು ನಿಂತವು, ಸಂಬಳ ತಡವಾಯಿತು, ಕೆಲವು ನೌಕರರು ಆತ್ಮಹತ್ಯೆ ಮಾಡಿಕೊಂಡರು. 2021ರ ಅಕ್ಟೋಬರ್ ಕೊನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಂಘಟನೆಗಳು ಒಟ್ಟಾಗಿ ಚಳವಳಿಗೆ ಇಳಿದಾಗ ಸರ್ಕಾರ ತುಟ್ಟಿಭತ್ಯೆಯನ್ನು ಶೇ. 28ಕ್ಕೆ ಏರಿಸಲು ಒಪ್ಪಿತು, ಮುಖಂಡರು ಹಿಂದೆ ಸರಿದರು. ಡಿಪೊಗಳಲ್ಲಿದ್ದ ನೌಕರರು ಮಾತ್ರ ಸರಿಯಲಿಲ್ಲ. ನಿಗಮವನ್ನು ಸರ್ಕಾರದಲ್ಲಿ ವಿಲೀನಗೊಳಿಸದ ಹೊರತು ಗಾಡಿ ತೆಗೆಯುವುದಿಲ್ಲವೆಂದರು. ನೋಡನೋಡುತ್ತ ರಾಜ್ಯದ 250 ಡಿಪೊಗಳೂ ಮುಚ್ಚಿದವು. ಸಂಘಟನೆಗಳೇ ಒಪ್ಪಿದ ಮೇಲೂ ಮುಂದುವರಿದ ಮುಷ್ಕರದಲ್ಲಿ ಯಾರೊಡನೆ ಮಾತಾಡಬೇಕೆಂಬುದೇ ಸರ್ಕಾರಕ್ಕೆ ಪ್ರಶ್ನೆಯಾಯಿತು. ಸಾವಿರಾರು ಮಂದಿ ಅಮಾನತಾದರು, ಎಸ್‌ಟಿ ನಿಲ್ದಾಣಗಳೊಳಗಿಂದಲೇ ಖಾಸಗಿ ಬಸ್ಸುಗಳು ಹೊರಡತೊಡಗಿದವು. ಹೈಕೋರ್ಟ್ ಸೂಚನೆಯಂತೆ ರಚನೆಯಾದ ತ್ರಿಸದಸ್ಯ ಸಮಿತಿ ವಿಲೀನ ಸಾಧ್ಯವಿಲ್ಲವೆಂದು ವರದಿ ಕೊಟ್ಟಿತು. 2022ರ ಏಪ್ರಿಲ್ 22ರೊಳಗೆ ಕೆಲಸಕ್ಕೆ ಮರಳುವಂತೆ ನ್ಯಾಯಾಲಯ ಹೇಳಿದಾಗ, ಮುಷ್ಕರ ಆರಂಭವಾಗಿ ಐದು ತಿಂಗಳು ಮೀರಿತ್ತು.

ಆ ನಡುವೆ, 2021ರ ನವೆಂಬರ್ 24ರಂದು ಸರ್ಕಾರ ಘೋಷಿಸಿದ ಹೆಚ್ಚಳವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹತ್ತು ವರ್ಷದೊಳಗಿನ ಸೇವೆಯವರ ಮೂಲವೇತನಕ್ಕೆ 5,000, ಹತ್ತರಿಂದ ಇಪ್ಪತ್ತು ವರ್ಷದವರಿಗೆ 4,000, ಅದಕ್ಕೂ ಹೆಚ್ಚಿನ ಸೇವೆಯವರಿಗೆ 2,500 ರೂಪಾಯಿ. ಹೊಸಬರಿಗೆ ಇದು ಸುಮಾರು ಶೇ. 41ರ ಏರಿಕೆ, ಐದು ಸಾವಿರವೇ ಅಷ್ಟು ಪಾಲೆಂದರೆ ಅಲ್ಲಿಯವರೆಗಿನ ಮೂಲವೇತನ ಹನ್ನೆರಡು ಸಾವಿರದ ಆಸುಪಾಸು ಎಂದಾಯಿತು. ಅಷ್ಟರಲ್ಲಿ ಪುಣೆಯಲ್ಲಿ ಬಾಡಿಗೆ ಕಟ್ಟಿ ಸಂಸಾರ ಸಾಗಿಸುವುದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ಕೆಳಗಿನವರನ್ನು ಮೇಲೆತ್ತಿದ್ದು ನ್ಯಾಯವೇ. ಆದರೆ ಇಪ್ಪತ್ತೈದು ವರ್ಷ ಸ್ಟಿಯರಿಂಗ್ ಹಿಡಿದ ಚಾಲಕನಿಗೆ ಸಿಕ್ಕಿದ್ದು ಅದರ ಅರ್ಧ. ಹಿರಿಯರ ಈ ನೋವು ಮುಂದಿನ ಮೂರು ವರ್ಷ ಹೊಗೆಯಾಡುತ್ತಲೇ ಇತ್ತು.

2024ರ ಸೆಪ್ಟೆಂಬರ್ 3ರ ಮುಷ್ಕರ ಮರುದಿನ ರಾತ್ರಿಯೇ ಮುಗಿಯಿತು. ಈ ಸಲ ಮುಖ್ಯಮಂತ್ರಿಯೇ ಸಂಘಟನೆಗಳೊಡನೆ ಕುಳಿತರು. ಎಲ್ಲರ ಮೂಲವೇತನಕ್ಕೂ 2020ರ ಏಪ್ರಿಲ್‌ನಿಂದ ಅನ್ವಯವಾಗುವಂತೆ ಒಟ್ಟು 6,500 ರೂಪಾಯಿ ಎಂದು ತೀರ್ಮಾನವಾಯಿತು: ಹಿಂದೆ 5,000 ಪಡೆದವರಿಗೆ ಇನ್ನೂ 1,500, 4,000 ಪಡೆದವರಿಗೆ 2,500, 2,500 ಪಡೆದವರಿಗೆ 4,000. ಹಣದ ಬಗ್ಗೆ ಮಾತು ಕೊಡಬಲ್ಲವರು ಎದುರಿಗೆ ಕುಳಿತಾಗ ಎರಡೇ ದಿನದಲ್ಲಿ ಇತ್ಯರ್ಥವಾದದ್ದನ್ನು ಗಮನಿಸಬೇಕು.

ಆದರೂ ಕೊಟ್ಟ ಮಾತಿಗೆ ತಿಂಗಳು ತಿಂಗಳು ಹಣ ಒದಗಬೇಕಲ್ಲ. 2022ರ ಆಗಸ್ಟ್‌ನಿಂದ 75 ದಾಟಿದವರಿಗೆ ಉಚಿತ, 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ಟಿಕೆಟ್ ಬಂದು ಬಸ್ಸುಗಳು ತುಂಬಿದವು, ಜತೆಗೆ ಸರ್ಕಾರದಿಂದ ಬರಬೇಕಾದ ಪಾಲೂ ಬೆಳೆಯಿತು. 2025ರ ಜನವರಿಯಲ್ಲಿ ಪ್ರಯಾಣದರ ಶೇ. 14.95 ಏರಿತು. ಅದಾಗಿ ಮೂರು ತಿಂಗಳಾಗುವ ಮೊದಲೇ, ಮಾರ್ಚ್ ತಿಂಗಳ ಸಂಬಳವೆಂದು ನೌಕರರ ಖಾತೆಗೆ ಮೊದಲ ಕಂತಿನಲ್ಲಿ ಜಮೆಯಾದದ್ದು ಶೇ. 56 ಮಾತ್ರ.